‘.45 ಎಸಿಪಿ’ ವೆಬ್ಲಿ ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಅಮೆರಿಕದಲ್ಲಿದ್ದುಕೊಂಡು ಹಳೇ ಮಿಲಿಟರಿ ರಿವಾಲ್ವರ್ ಹುಡುಕುತ್ತಿರುವ ಕನ್ನಡಿಗರಿಗೆ ಈ ಮಾತು. ಬ್ರಿಟನ್ನಿನ ವೆಬ್ಲಿ ಮಾರ್ಕ್ 6 ರಿವಾಲ್ವರನ್ನು ಯಾರಾದರೂ ‘.45 ಎಸಿಪಿ’ (ಅಮೆರಿಕದ ಪಿಸ್ತೂಲಿನ ತೋಟಾ) ಹಾಕುವಂಥದ್ದು ಅಂತ ಹೇಳಿ ಮಾರುತ್ತಿದ್ದರೆ, ಅದು ಬ್ರಿಟಿಷ್ ಸೈನ್ಯಕ್ಕೆ ಹೋದಾಗ ಹಾಗಿರಲಿಲ್ಲ. ಆಮೇಲೆ ಯಾರೋ ಸಿಲಿಂಡರಿನ ಹಿಂಭಾಗ ತುರಿದು ಹಾಗೆ ಮಾಡಿದ್ದಾರೆ. ಅದಕ್ಕೆ ಅಂಗಡಿಯ ಮಾಮೂಲಿ ತೋಟಾ ಹಾಕುವುದು ಅಪಾಯ. ನನ್ನ ಕೈಗೆ ಬಂದದ್ದು ಅಂಥದ್ದೇ. ಅದೂ ಬಿರುಕು ಬಿಟ್ಟದ್ದು.

ಮೊದಲು ಯಾವ ವೆಬ್ಲಿ ಅನ್ನೋದು ಸ್ಪಷ್ಟವಾಗಲಿ. ದೊಡ್ಡ ಸರ್ವಿಸ್ ರಿವಾಲ್ವರಿನಲ್ಲಿ ಆರು ಮಾರ್ಕ್‌ಗಳು, ಅಂದರೆ ಮಾದರಿಗಳು, ಇವೆ. 1887ರದ್ದು ಮಾರ್ಕ್ 1, ಬೋಯರ್ ಯುದ್ಧದ ಹೊತ್ತಿನದು 1899ರ ಮಾರ್ಕ್ 4, ಮೊದಲ ಮಹಾಯುದ್ಧದ ಮಧ್ಯೆ 1915ರಲ್ಲಿ ಬಂದದ್ದು ಮಾರ್ಕ್ 6. ಹಳೆಯವಕ್ಕೆ ಸಾಮಾನ್ಯವಾಗಿ 4 ಇಂಚಿನ ಬ್ಯಾರೆಲ್, ತುದಿ ಬಾಗಿದ ಹಿಡಿ. ಮಾರ್ಕ್ 6ಕ್ಕೆ 6 ಇಂಚಿನ ಬ್ಯಾರೆಲ್, ಚೌಕನೆಯ ಹಿಡಿ, ತೂಕ ಸುಮಾರು 1.1 ಕಿಲೋ. ಎಲ್ಲವೂ ಬ್ರಿಟಿಷ್ .455 ತೋಟಾಕ್ಕೆ ಮಾಡಿದವು.

ಇದರ ಜೊತೆ ಇನ್ನೊಂದು ಗೊಂದಲ ಇದೆ. ‘ವೆಬ್ಲಿ ಮಾರ್ಕ್ 4’ ಅಂತ .38ರ ಚಿಕ್ಕ ರಿವಾಲ್ವರ್ ಬೇರೆಯೇ ಇದೆ. ನಮ್ಮ ಆರ್ಡ್‌ನೆನ್ಸ್ ಫ್ಯಾಕ್ಟರಿಯ .32 ರಿವಾಲ್ವರ್ ಹುಟ್ಟಿದ್ದು ಆ ಚಿಕ್ಕದರ ವಿನ್ಯಾಸದಿಂದ. ಊರಲ್ಲಿ ಅದನ್ನು ನೋಡಿದವರು ‘ವೆಬ್ಲಿ ಗೊತ್ತು ಬಿಡು’ ಅಂದುಕೊಂಡು ಜಾಹೀರಾತಿನ ‘ಮಾರ್ಕ್ 4’ಕ್ಕೆ ದುಡ್ಡು ಕಟ್ಟಿಬಿಡುತ್ತಾರೆ. ಯಾವ ತೋಟಾ ಅಂತ ಕೇಳದೆ ಮಾರ್ಕ್ ನಂಬರ್ ನಂಬಬೇಡಿ.

ಈಗ ನನ್ನ ಕಥೆ. ಬೇರೆ ರಾಜ್ಯದ ಒಬ್ಬ ವ್ಯಾಪಾರಿ ಹಾಕಿದ್ದ ಜಾಹೀರಾತು: ಮಾರ್ಕ್ 6, 1917ರದ್ದು, .45 ಎಸಿಪಿ, ಬಹಳ ಗಟ್ಟಿ. ಸಿಲಿಂಡರ್ ತುರಿದದ್ದಾ, ಯಾವ ತೋಟಾ ಹಾಕಬಹುದು ಅಂತ ಮೇಲ್ ಮಾಡಿದೆ. ಮೊದಲ ಪ್ರಶ್ನೆಗೆ ಉತ್ತರವೇ ಇಲ್ಲ. ಎರಡನೆಯದಕ್ಕೆ, ‘ಅಂಗಡಿಯಲ್ಲಿ ಸಿಗುವ ಯಾವುದಾದರೂ ಆಗುತ್ತೆ, ನಾವೇ ಹಾರಿಸಿ ನೋಡಿದ್ದೇವೆ’ ಅಂದರು. ಬೆಲೆ ತುರಿಯದ .455ಕ್ಕೆ ಕೊಡುವಷ್ಟೇ. ತುರಿದದ್ದಕ್ಕೆ ಸಂಗ್ರಹಕಾರರು ಅಷ್ಟು ಕೊಡುವುದೇ ಇಲ್ಲ.

ನನ್ನೂರಿನ ಡೀಲರ್ ಹತ್ತಿರ ಪೆಟ್ಟಿಗೆ ಬಂತು, ಬಂದೂಕು ಕೊಳ್ಳುವವರು ಡೀಲರ್ ಹತ್ತಿರ ತುಂಬಬೇಕಾದ 4473 ಅನ್ನುವ ಫೆಡರಲ್ ಫಾರಂ ತುಂಬಿ ಮನೆಗೆ ತಂದೆ. ರೇಂಜಿಗೆ ಹೋಗುವ ಮುಂಚೆ ಗನ್‌ಸ್ಮಿತ್ (ಬಂದೂಕು ರಿಪೇರಿಯವರು) ಹತ್ತಿರ ಒಯ್ದೆ. ಅವರು ರಿವಾಲ್ವರನ್ನು ಮಡಚಿ ತೆರೆದು, ಸಿಲಿಂಡರಿನ ಹಿಂದಿನ ಮುಖವನ್ನು ಲೈಟ್ ಹಿಡಿದು ನೋಡಿದರು. ಲೇತಿನಲ್ಲಿ ತುರಿದ ಗುರುತು ಇನ್ನೂ ಕಾಣುತ್ತಿತ್ತು. ಆಮೇಲೆ ಬಣ್ಣ ಹಚ್ಚಿ ಪರೀಕ್ಷಿಸಿದಾಗ ಒಂದು ಖಾನೆಯ ಹೊರಗೋಡೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು. ‘ಇದರಲ್ಲಿ ಒಂದೂ ಹಾರಿಸಬೇಡಿ’ ಅಂದರು, ಅಷ್ಟೇ.

ಬಿರುಕು ಯಾಕೆ ಬರುತ್ತೆ ಅನ್ನೋದು ಗೊತ್ತಿರಬೇಕು. .455 ಮಾರ್ಕ್ 2 ತೋಟಾ (ಇಲ್ಲಿ ಮಾರ್ಕ್ ತೋಟಾದ್ದು, ರಿವಾಲ್ವರಿನದ್ದಲ್ಲ) ಅಂದರೆ 265 ಗ್ರೇನಿನ, ಅಂದರೆ ಸುಮಾರು 17 ಗ್ರಾಂ ಭಾರದ ಸೀಸದ ಗುಂಡು, ಆದರೆ ನಿಧಾನ. ಸೆಕೆಂಡಿಗೆ 600 ಅಡಿಯ ಆಸುಪಾಸು. ಒತ್ತಡ ಕಡಿಮೆ. .45 ಎಸಿಪಿ ಹುಟ್ಟಿದ್ದು ಪಿಸ್ತೂಲಿಗಾಗಿ. 230 ಗ್ರೇನಿನ ಗುಂಡು 800 ಅಡಿ ದಾಟುತ್ತದೆ, ಒತ್ತಡದ ಮಿತಿ 21,000 ಪಿಎಸ್ಐ (ಚದರ ಇಂಚಿಗೆ ಪೌಂಡ್). ಬ್ರಿಟಿಷರು ಗಟ್ಟಿತನ ಪರೀಕ್ಷಿಸಲು ಹಾರಿಸುತ್ತಿದ್ದ ವಿಶೇಷ ತೋಟಾದ ಮಟ್ಟಕ್ಕೇ ಅದು ಹೋಗುತ್ತದೆ ಅಂತ ಬಲ್ಲವರ ಮಾತು. ಪ್ರತಿ ಈಡೂ ಒಂದು ಪರೀಕ್ಷೆ ಅಂದ ಹಾಗೆ. ನೂರು ವರ್ಷದ ಉಕ್ಕು ಎಷ್ಟು ದಿನ ತಡೆಯುತ್ತೆ?

ಹಾಗಾದರೆ ಯಾಕೆ ತುರಿದರು? ಎರಡನೇ ಮಹಾಯುದ್ಧ ಮುಗಿದ ಮೇಲೆ ಸಾವಿರಾರು ವೆಬ್ಲಿಗಳು ಅಗ್ಗಕ್ಕೆ ಅಮೆರಿಕಕ್ಕೆ ಬಂದವು. .455 ತೋಟಾ ಅಲ್ಲಿ ಅಪರೂಪ, .45 ಎಸಿಪಿ ಎಲ್ಲೆಲ್ಲೂ. ಅರ್ಧಚಂದ್ರದಂಥ ಕ್ಲಿಪ್ಪಿಗೆ ಸಿಕ್ಕಿಸಿದ ತೋಟಾ ಕೂರುವಷ್ಟು ಹಿಂಭಾಗ ತುರಿದರೆ ಮಾರಾಟ ಸುಲಭ. ಹಾಕಿದ್ದು ಕೂರುತ್ತೆ, ಸಿಡಿಯುತ್ತೆ, ಗಿರಾಕಿಗೂ ಖುಷಿ. ಕೂರುವುದು ಬೇರೆ, ತಡೆಯುವುದು ಬೇರೆ ಅಲ್ವಾ?

ಹಣ ವಾಪಸ್ ಕೇಳಿದೆ. ‘ಫಾರಂ ತುಂಬಿ ನಿಮ್ಮ ಹೆಸರಿಗೆ ಆದಮೇಲೆ ವಾಪಸ್ ಇಲ್ಲ’ ಅನ್ನೋ ಉತ್ತರ ಬಂತು. ಅವರ ನಿಯಮದಲ್ಲಿ ಅದು ಸಣ್ಣ ಅಕ್ಷರದಲ್ಲಿ ಇತ್ತು, ನಿಜ. ಆದರೆ ತುರಿದದ್ದಾ ಅಂತ ಬರಹದಲ್ಲಿ ಕೇಳಿದ್ದಕ್ಕೆ ಬಾಯಿ ಮುಚ್ಚಿಕೊಂಡಿದ್ದವರು ಅವರು. ಅದಕ್ಕೇ ಹೇಳೋದು, ಎಲ್ಲ ಪರೀಕ್ಷೆಯೂ ಡೀಲರ್ ಕೌಂಟರಿನಲ್ಲೇ ಆಗಲಿ, ಫಾರಂಗೆ ಪೆನ್ನು ಹಚ್ಚುವ ಮುಂಚೆ. ಕ್ಲಿಪ್ಪಿನಲ್ಲಿ ಸಿಕ್ಕಿಸಿದ .45 ಎಸಿಪಿಯ ಡಮ್ಮಿ ತೋಟಾ ಜೊತೆಗಿರಲಿ. ಅದು ಕೂತು ರಿವಾಲ್ವರ್ ಪೂರ್ತಿ ಮುಚ್ಚಿಕೊಂಡರೆ ತುರಿದದ್ದೇ. ಬ್ಯಾರೆಲ್ ಹಿಡಿದಿಡುವ ಮೇಲಿನ ಚಿಲಕ ಸಡಿಲವಿದೆಯಾ, ಮಡಚುವ ಕೀಲು ಅಲುಗುತ್ತದೆಯಾ, ಅದನ್ನೂ ನೋಡಿ. ಗನ್‌ಸ್ಮಿತ್‌ಗೆ ಕೊಡುವ ದುಡ್ಡು ದಂಡ ಅನ್ನಿಸಿದರೂ ಕೊಡಿ.

ತುರಿದದ್ದು ಆಗಲೇ ಮನೆಯಲ್ಲಿದ್ದರೆ ಎಸೆಯಬೇಕಿಲ್ಲ. ಬಿರುಕಿಲ್ಲ ಅಂತ ಖಾತ್ರಿಯಾದರೆ, .45 ಆಟೋ ರಿಮ್ ಅನ್ನುವ ಅಂಚಿರುವ ಖಾಲಿ ತೋಟಾಕ್ಕೆ ಸೀಸದ ಗುಂಡು, ಕಡಿಮೆ ಮದ್ದು ತುಂಬಿಕೊಂಡು ಹಾರಿಸುವವರಿದ್ದಾರೆ. ತೋಟಾ ತುಂಬುವುದು ಚೆನ್ನಾಗಿ ಗೊತ್ತಿದ್ದವರಿಗೆ ಮಾತ್ರ. ತುರಿಯದ್ದು ಸಿಕ್ಕರೆ ತಲೆನೋವೇ ಇಲ್ಲ. .455 ತೋಟಾವನ್ನು ಇಟಲಿಯ ಫಿಯೋಕ್ಕಿ ಮಾಡುತ್ತದೆ, ಬೆಲೆ ಜಾಸ್ತಿ ಅಷ್ಟೇ.

ಹೊಸದಾಗಿ ಬಂದವರಿಗೆ ಇನ್ನೊಂದು ಮಾತು. ಎಚ್-1ಬಿಯಂಥ ವೀಸಾದಲ್ಲಿದ್ದರೆ, ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟು, ಬಂದೂಕು ಇಟ್ಟುಕೊಳ್ಳುವುದೇ ಫೆಡರಲ್ ಕಾನೂನಿಗೆ ವಿರುದ್ಧ. ಗ್ರೀನ್ ಕಾರ್ಡ್ ಇದ್ದವರಿಗೆ ಆ ತಡೆ ಇಲ್ಲ.

ಆ ವ್ಯಾಪಾರಿಯ ಬಳಿ ಈಗಲೂ ಅದೇ ಒಕ್ಕಣೆಯ ಎರಡು ಮಾರ್ಕ್ 6 ಮಾರಾಟಕ್ಕಿವೆ. ಒಂದರ ಫೋಟೋದಲ್ಲೂ ಸಿಲಿಂಡರಿನ ಹಿಂಭಾಗ ತೋರಿಸಿಲ್ಲ.