ಮಲಾಡ್‌ನ ಬಿಎಂಸಿ ಪ್ರಾಣಿ ಚಿತಾಗಾರ: ನಮ್ಮ ಚಿನ್ನುನ ಕಳಿಸಿಕೊಟ್ಟ ಜಾಗ

ನಮ್ಮ ನಾಯಿ ಚಿನ್ನು ತೀರ್ಕೊಂಡಾಗ ಎಲ್ಲಿಗೆ ಕರ್ಕೊಂಡೋಗ್ಬೇಕು ಅಂತಾನೇ ತೋಚ್ಲಿಲ್ಲ, ಊರಲ್ಲಾಗಿದ್ರೆ ಹಿತ್ಲಲ್ಲಿ ತೆಂಗಿನ ಮರದ ಬುಡಕ್ಕೆ ಮಣ್ಣು ಮಾಡ್ತಿದ್ವಿ, ಮುಂಬೈ ಫ್ಲ್ಯಾಟಲ್ಲಿ ಇರೋರು ಏನ್ ಮಾಡೋದು. ಒಂದು ಪ್ರೈವೇಟ್ ಕಡೆ ಫೋನ್ ಮಾಡಿದ್ರೆ ಮೊದ್ಲು ಕೇಳಿದ್ದೇ ತೂಕ ಎಷ್ಟು, ಅಡ್ವಾನ್ಸ್ ಹಾಕಿ ಅಂತ. ಆಮೇಲೆ ಡಾಕ್ಟ್ರೇ ಹೇಳಿದ್ರು, ಮಲಾಡ್ ವೆಸ್ಟಲ್ಲಿ ಬಿಎಂಸಿದೇ, ಅಂದ್ರೆ ಮುಂಬೈ ಪಾಲಿಕೇದೇ, ಪ್ರಾಣಿ ಚಿತಾಗಾರ ಇದೆ ಅಂತ. 2023ರಲ್ಲಿ ಶುರುವಾಗಿದ್ದು, ಪೈಪ್ ಗ್ಯಾಸಲ್ಲಿ ದಹನ ಮಾಡ್ತಾರೆ, ದುಡ್ಡು ತಗೊಳಲ್ಲ. ಡಾಕ್ಟರ್ ಸರ್ಟಿಫಿಕೇಟು, ನಿಮ್ಮ ಐಡಿ ಜೆರಾಕ್ಸು ಇಟ್ಕೊಂಡಿರಿ.

ಅಲ್ಲಿನ ಸ್ಟಾಫ್ ಬಗ್ಗೆ ಹೇಳ್ಲೇಬೇಕು. ನಮ್ಮೆಜಮಾನ್ರು ಹಳೇ ಬೆಡ್‌ಶೀಟಲ್ಲಿ ಸುತ್ತಿ ಎತ್ಕೊಂಡು ನಿಂತಿದ್ರು, ಒಬ್ರು ಬಂದು ತಲೆ ಜೋತು ಬೀಳದ ಹಾಗೆ ಕೈ ಕೊಟ್ಟು ಇಸ್ಕೊಂಡ್ರು, ಕಾಲರ್ ಬಿಚ್ಚಿ ಮಗಳ ಕೈಗಿಟ್ಟು "ಆರಾಮ್ ಸೇ ಬೇಟಾ" ಅಂದ್ರು, ನಾವು ಸೇವಂತಿಗೆ ಇಟ್ಟು ಕಿವಿ ಸವರಿ ಅತ್ತು ಮುಗಿಸೋವರೆಗೂ ಒಂಚೂರೂ ಅವಸರ ಮಾಡ್ಲಿಲ್ಲ.

ಮನೆಗೆ ಬಂದ್ಮೇಲಿನ ಕಷ್ಟಾನೇ ಬೇರೆ. ಲಿಫ್ಟ್ ಸದ್ದಾದ್ರೆ ಬಾಗ್ಲಿಗೆ ಓಡೋರಿಲ್ಲ, ನಮ್ಮತ್ತೆ ಈಗ್ಲೂ ಮೊಸರನ್ನದ ಕೊನೇ ತುತ್ತು ತಟ್ಟೇಲೇ ಬಿಟ್ಟು ಏಳ್ತಾರೆ. "ನಾಯಿ ತಾನೆ, ಇನ್ನೊಂದು ತನ್ನಿ" ಅನ್ನೋರ ಹತ್ರ ಮಾತೇ ಬೇಡ, ಸಾಕಿದೋರ ಹತ್ರ ಹೇಳ್ಕೊಳ್ಳಿ, ಸಂಜೆ ವಾಕಿಂಗ್ ಟೈಮಿಗೆ ಮನೇಲಿ ಕೂರ್ಬೇಡಿ, ಹೊರಗೆ ಹೋಗಿ. ಮಕ್ಕಳನ್ನೂ ಚಿತಾಗಾರಕ್ಕೆ ಕರ್ಕೊಂಡೋಗಿ, ಕಣ್ಣಾರೆ ನೋಡಿದ್ದಕ್ಕೇ ನಮ್ಮ ಮಗಳು "ಚಿನ್ನು ಎಲ್ಲಿ" ಅಂತ ಹುಡುಕ್ಲಿಲ್ಲ. ಮೊದ್ಲೇ ಫೋನ್ ಮಾಡಿ ಟೈಮ್ ಕೇಳ್ಕೊಂಡು ಹೋಗಿ. ಐದಕ್ಕೆ ಐದು ಸ್ಟಾರ್.