ಬಿಳಿ ಬೋರ್ಡಾ, ಹಳದಿ ಬೋರ್ಡಾ, ಬಿಎಚ್ ನಂಬರಾ?

ಹೊಸ ಕಾರು ತಗೊಳ್ಳೋ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರಿಂದ ಬಾಡಿಗೆ ದುಡಿಯಬೇಕಾ?

ಹೌದಾದರೆ ಹಳದಿ ಬೋರ್ಡೇ ಸರಿ. ಪರ್ಮಿಟ್ ಬೇಕು. ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನೋ ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು. ಓಡಾಟ ಜಾಸ್ತಿ, ನಿಜ. ಹಾಗಂತ ಬಿಳಿ ಬೋರ್ಡಿನಲ್ಲಿ ಬಾಡಿಗೆ ಓಡಿಸಬೇಡಿ. ದಂಡ ಒಂದು ಕಡೆ ಇರಲಿ, ಅಪಘಾತವಾದರೆ ಇನ್ಶೂರೆನ್ಸ್ ಕೈಕೊಡಬಹುದು. ನನಗೆ ಭಯ ಇರೋದು ಅದಕ್ಕೇ.

ಮನೆ ಬಳಕೆಗಾದರೆ ಬಿಳಿ ಬೋರ್ಡ್ ಸಾಕು. ಒಮ್ಮೆ ರಿಜಿಸ್ಟ್ರೇಷನ್ ಆದರೆ 15 ವರ್ಷ ನಿಶ್ಚಿಂತೆ. ಕರ್ನಾಟಕದಲ್ಲಿ ಲೈಫ್ ಟ್ಯಾಕ್ಸ್ ಮಾತ್ರ ಒಂದೇ ಸಲಕ್ಕೆ ಕಟ್ಟಬೇಕು, ಅದು ದೊಡ್ಡ ಮೊತ್ತ.

ಪದೇ ಪದೇ ರಾಜ್ಯ ಬದಲಾಗುವ ಕೆಲಸವಾ? 2021ರಲ್ಲಿ ಬಂದ ಬಿಎಚ್, ಅಂದರೆ ರಾಜ್ಯ ಬದಲಾದರೂ ನಡೆಯುವ ಭಾರತ್ ಸರಣಿಯ ನಂಬರ್ ನೋಡಿ. ಅದೂ ಬಿಳಿ ಪ್ಲೇಟೇ. ಆದರೆ ಕೆಎ ಬದಲು ಮೊದಲು ವರ್ಷ ಬರುತ್ತದೆ: 24 ಬಿಎಚ್, ಆಮೇಲೆ ನಾಲ್ಕು ಅಂಕಿ, ಕೊನೆಗೆ ಅಕ್ಷರ. ಟ್ಯಾಕ್ಸನ್ನು ಎರಡೆರಡು ವರ್ಷಕ್ಕೆ ಕಟ್ಟಬಹುದು. ಎಲ್ಲರಿಗೂ ಸಿಗಲ್ಲ. ಸರ್ಕಾರಿ ನೌಕರರಿಗೆ, ಸೈನ್ಯದವರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಯವರಿಗೆ ಮಾತ್ರ.

ಎಲೆಕ್ಟ್ರಿಕ್ ಆದರೆ ಪ್ಲೇಟ್ ಹಸಿರು. ಸ್ವಂತಕ್ಕೆ ಬಿಳಿ ಅಕ್ಷರ, ಬಾಡಿಗೆಗೆ ಹಳದಿ ಅಕ್ಷರ. ಕಪ್ಪು ಪ್ಲೇಟ್ ಮೇಲೆ ಹಳದಿ ಅಕ್ಷರ ಕಂಡರೆ ಅದು ನಾವೇ ಓಡಿಸಿಕೊಳ್ಳುವ ಬಾಡಿಗೆ ಕಾರು.