ಚಳಿಗಾಲದ ಫ್ರೂಟ್ ಸಲಾಡ್‌ಗೆ ಹಣ್ಣು ಹೆಚ್ಚುವ ಸೆಟ್: ಯಾವುದು ಕೈಹಿಡಿಯುತ್ತದೆ, ಯಾವುದು ಕೈಕೊಡುತ್ತದೆ

ಹಣ್ಣು ಹೆಚ್ಚುವುದಕ್ಕೆಂದೇ ಮಾಡಿದ ಸಲಕರಣೆಗಳು ಈಗ ಒಂದೇ ಡಬ್ಬಿಯಲ್ಲಿ ಸೆಟ್ಟಾಗಿ ಸಿಗುತ್ತವೆ. ಸೇಬನ್ನು ಒಂದೇ ಒತ್ತಿಗೆ 8 ಹೋಳು ಮಾಡುವ ಕಟರ್, ಕಿತ್ತಳೆ ಸುಲಿಯುವ ಪ್ಲಾಸ್ಟಿಕ್ ಕೊಕ್ಕೆ, ದಾಳಿಂಬೆ ಬಿಡಿಸುವ ಜಾಲರಿ ಬಟ್ಟಲು, ಕಿವಿ ಹಣ್ಣಿನ ಚಮಚ, ಮೂಲೆಯಲ್ಲಿ ಒಂದು ಪುಟ್ಟ ಚಾಕು. ಕಂಪನಿ ಯಾವುದಾದರೂ ಒಳಗಿನ ಸಾಮಾನು ಹೆಚ್ಚುಕಡಿಮೆ ಇವೇ. ಇವುಗಳನ್ನು ಒರೆಗೆ ಹಚ್ಚಲು ಚಳಿಗಾಲದ ಹಣ್ಣುಗಳಿಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ಕಲ್ಲಂಗಡಿಯಂಥ ಬೇಸಿಗೆ ಹಣ್ಣನ್ನು ಹೇಗೆ ಕತ್ತರಿಸಿದರೂ ನಡೆಯುತ್ತದೆ. ಸೇಬು, ಪೇರ್, ಕಿತ್ತಳೆ, ದಾಳಿಂಬೆ, ಪರ್ಸಿಮನ್ (ಟೊಮೆಟೊ ಹೋಲುವ ಕಿತ್ತಳೆ ಬಣ್ಣದ ಹಣ್ಣು) ಹಾಗಲ್ಲ. ಒಂದರಲ್ಲಿ ಗಟ್ಟಿ ಬೀಜದ ಗೂಡು, ಇನ್ನೊಂದರಲ್ಲಿ ಕಹಿ ಬಿಳಿ ಪದರ, ಮತ್ತೊಂದರಲ್ಲಿ ಬಾಯಿ ಹಿಡಿಯುವ ಒಗರು.

ಸಲಕರಣೆಯನ್ನು ಅಳೆಯುವುದು ಹೇಗೆ? ಎಷ್ಟು ಬೇಗ ಕೆಲಸ ಮುಗಿಯಿತು ಎನ್ನುವುದು ಎರಡನೆಯ ಮಾತು. ಕತ್ತರಿಸಿದ ಜಾಗದಲ್ಲಿ ಹಣ್ಣು ಎಷ್ಟು ಜಜ್ಜಿತು ಎನ್ನುವುದು ಮೊದಲನೆಯದು. ಹರಿತವಾದ ಅಲಗು ಹಣ್ಣನ್ನು ಸೀಳಿಕೊಂಡು ಹೋಗುತ್ತದೆ. ಮೊಂಡು ಅಲಗು ಅರೆದುಕೊಂಡು ಹೋಗುತ್ತದೆ. ಅರೆದಷ್ಟೂ ಜೀವಕೋಶಗಳು ಒಡೆದು ರಸ ಹೊರಬರುತ್ತದೆ, ಸೇಬು ಬೇಗ ಕಂದುತ್ತದೆ, ಬೋಗುಣಿಯ ತಳದಲ್ಲಿ ನೀರು ನಿಲ್ಲುತ್ತದೆ. ಸಲಾಡ್ ಕೆಡುವುದು ಬಹುಪಾಲು ಇಲ್ಲೇ.

ಅಳತೆಗೆ ನಾಲ್ಕು ಜನರ ಒಂದು ಬೋಗುಣಿ ಇಟ್ಟುಕೊಳ್ಳೋಣ: 2 ಕಿತ್ತಳೆ, 1 ಸೇಬು, 1 ಪೇರ್, 2 ಕಿವಿ, 1 ಪರ್ಸಿಮನ್, ಅರ್ಧ ದಾಳಿಂಬೆ. ಮೇಲಿನ ರಸಕ್ಕೆ 1 ದೊಡ್ಡ ಚಮಚ ನಿಂಬೆ ರಸ, 1 ದೊಡ್ಡ ಚಮಚ ಜೇನು, ಕಾಲು ಸಣ್ಣ ಚಮಚ ತುರಿದ ಶುಂಠಿ, ಒಂದು ಚಿಟಿಕೆ ಉಪ್ಪು. ಉಪ್ಪನ್ನು ಬಿಡಬೇಡಿ. ಅದು ಕಿತ್ತಳೆಯ ಸಣ್ಣ ಕಹಿಯನ್ನು ಅಡಗಿಸಿ ಸಿಹಿಯನ್ನು ಮುಂದೆ ತರುತ್ತದೆ. ಸುಲಿಯುವ ಹಣ್ಣಾದರೂ ಮೊದಲು ತೊಳೆಯಲೇಬೇಕು, ಏಕೆಂದರೆ ಸಿಪ್ಪೆಯ ಮೇಲಿನ ಕೊಳೆಯನ್ನು ಚಾಕುವೇ ಒಳಗೆ ಒಯ್ಯುತ್ತದೆ. ತೊಳೆದ ಮೇಲೆ ಬಟ್ಟೆಯಿಂದ ಒರೆಸಿ.

ಸೆಟ್ಟಿನ ನಾಯಕ ಸೇಬಿನ ಕಟರ್. ಡಬ್ಬಿಯ ಮೇಲೆ ಚಿತ್ರ ಇದರದ್ದೇ ಇರುತ್ತದೆ. ನಡುವೆ ಒಂದು ಉಂಗುರ, ಅದರಿಂದ ಚಕ್ರದ ಕಡ್ಡಿಗಳ ಹಾಗೆ ಹೊರಟ 8 ಅಲಗು, ಎರಡು ಕಡೆ ಹಿಡಿ. ಮಧ್ಯಮ ಗಾತ್ರದ, ಗಟ್ಟಿಯಾದ, ನೆಟ್ಟಗೆ ಬೆಳೆದ ಸೇಬು ಸಿಕ್ಕರೆ ಒಂದೇ ಒತ್ತಿಗೆ ಕೆಲಸ ಮುಗಿಯುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಸೇಬುಗಳು ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಬೆಳೆಯುವುದಿಲ್ಲ. ಬೀಜದ ಗೂಡು ಒಂದು ಬದಿಗೆ ವಾಲಿದ್ದರೆ ಉಂಗುರ ಒಳ್ಳೆಯ ತಿರುಳನ್ನು ಕೊರೆದು, ಗೂಡಿನ ಗಟ್ಟಿ ಚೂರನ್ನು ಹೋಳಿನಲ್ಲೇ ಬಿಡುತ್ತದೆ. ಬಾಯಿಗೆ ಸಿಗುವ ಉಗುರಿನಂಥ ಆ ಚೂರು ಸಲಾಡಿನ ಮೃದುತ್ವವನ್ನೆಲ್ಲ ಹಾಳು ಮಾಡುತ್ತದೆ. ಹಣ್ಣು ದೊಡ್ಡದಾದರೆ ಉಂಗುರ ಸಾಲುವುದಿಲ್ಲ, ಚಿಕ್ಕದಾದರೆ ಅರ್ಧ ಸೇಬು ಗೂಡಿನ ಜೊತೆ ಕಸಕ್ಕೆ ಹೋಗುತ್ತದೆ.

ಇನ್ನೊಂದು ತೊಂದರೆ ಕೊನೆಯ ಅರ್ಧ ಸೆಂಟಿಮೀಟರಿನದು. ಅಲಗುಗಳು ಹಿಡಿಯ ಮಟ್ಟಕ್ಕಿಂತ ತುಸು ಮೇಲೆ ಕೂತಿರುವ ಕಟರ್‌ಗಳಲ್ಲಿ ಸೇಬಿನ ತಳದ ಸಿಪ್ಪೆ ಪೂರ್ತಿ ಕತ್ತರಿಸುವುದಿಲ್ಲ. 8 ಹೋಳೂ ಹೂವಿನ ದಳದ ಹಾಗೆ ತಳದಲ್ಲಿ ಅಂಟಿಕೊಂಡೇ ಇರುತ್ತವೆ. ಆಗ ಬೆರಳು ಹಾಕಿ ಕೆಳಗೆ ಒತ್ತುವುದು ಅಪಾಯ. ಒತ್ತುವ ಮೊದಲೇ ಸೇಬಿನ ತಳವನ್ನು ಚಾಕುವಿನಿಂದ ಚಪ್ಪಟೆಯಾಗಿ ಸವರಿ, ತೊಟ್ಟನ್ನು ಕಿತ್ತು, ಮಣೆಯ ಮೇಲೆ ಅಲುಗಾಡದಂತೆ ನಿಲ್ಲಿಸಿ. ಉಂಗುರದ ನಡುವೆ ತೊಟ್ಟಿನ ಗುಳಿ ಕಾಣುವಂತೆ ಕೂರಿಸಿ, ಎರಡೂ ಹಿಡಿಗಳ ಮೇಲೆ ಮೈಭಾರ ಹಾಕಿ ಒಮ್ಮೆಗೇ ಒತ್ತಿ. ಸ್ವಲ್ಪ ಸ್ವಲ್ಪವೇ ಒತ್ತಿದರೆ ಕಟರ್ ಓರೆಯಾಗುತ್ತದೆ.

ಇಷ್ಟಾದ ಮೇಲೂ ಸಿಗುವುದು ದಪ್ಪ ಹೋಳು. ತಿನ್ನಲು ಅದು ಸರಿ, ಸಲಾಡಿಗೆ ಅಲ್ಲ. ಒಂದೊಂದು ಹೋಳನ್ನೂ ಚಾಕುವಿನಿಂದ ಅಡ್ಡಕ್ಕೆ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಮತ್ತೆ ಹೆಚ್ಚಲೇಬೇಕು. ಹೇಗೂ ಚಾಕು ಹಿಡಿಯಬೇಕಾದರೆ ಕಟರ್ ಉಳಿಸಿದ ಸಮಯವಾದರೂ ಎಷ್ಟು? ಹತ್ತಾರು ಸೇಬು ಹೆಚ್ಚುವ ದಿನ ಇದು ಉಪಕಾರಿ. ಒಂದೆರಡು ಸೇಬಿಗೆ ಇದನ್ನು ತೊಳೆಯುವ ಶ್ರಮವೇ ಜಾಸ್ತಿ, ಅಲಗು ಉಂಗುರಕ್ಕೆ ಸೇರುವ ಸಂದುಗಳಲ್ಲಿ ತಿರುಳು ಒಣಗಿ ಅಂಟುತ್ತದೆ. ಸಾಣೆ ಹಿಡಿಯಲೂ ಆಗದ ಅಲಗುಗಳಾದ್ದರಿಂದ ಮೊಂಡಾದ ದಿನಕ್ಕೆ ಇದರ ಆಯಸ್ಸು ಮುಗಿಯಿತು.

ಪೇರ್ ಹಣ್ಣಿಗೆ ಇದನ್ನು ತರಲೇಬೇಡಿ. ಸಲಾಡಿಗೆ ಹದವಾದ ಪೇರ್ ಎಂದರೆ ತೊಟ್ಟಿನ ಬಳಿ ಹೆಬ್ಬೆರಳಿನಿಂದ ಒತ್ತಿದಾಗ ತುಸು ಬಗ್ಗುವಂಥದ್ದು. ಈ ಹಣ್ಣು ಒಳಗಿನಿಂದ ಹೊರಕ್ಕೆ ಮಾಗುತ್ತದೆ, ಹಾಗಾಗಿ ಹೊಟ್ಟೆಯ ಭಾಗ ಮೆತ್ತಗಾಗುವವರೆಗೆ ಕಾದರೆ ನಡುವಿನದು ಆಗಲೇ ಮುದ್ದೆಯಾಗಿರುತ್ತದೆ. ಹದವಾದ ಪೇರ್ ಮೇಲೆ 8 ಅಲಗು ಒಟ್ಟಿಗೆ ಬಿದ್ದರೆ ಕತ್ತು ನಜ್ಜುಗುಜ್ಜಾಗುತ್ತದೆ. ಉದ್ದಕ್ಕೆ ನಾಲ್ಕು ಭಾಗ ಮಾಡಿ, ಚಾಕುವಿನ ತುದಿಯಿಂದ ಗೂಡನ್ನು ಓರೆಯಾಗಿ ತೆಗೆದು ಹೆಚ್ಚುವುದೇ ದಾರಿ. ಸೇಬಿಗೂ ಇದೇ ವಿಧಾನ ಸಾಕು.

ಕಂದುವ ವಿಷಯ ಇಲ್ಲೇ ಮುಗಿಸಿಬಿಡೋಣ. ಸೇಬು, ಪೇರ್ ಕತ್ತರಿಸಿದಾಗ ಒಡೆದ ಜೀವಕೋಶಗಳಿಂದ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಹೊರಬಂದು, ಗಾಳಿಯ ಆಮ್ಲಜನಕದ ಜೊತೆ ಸೇರಿ ಹಣ್ಣಿನ ಫಿನಾಲ್‌ಗಳನ್ನು ಕಂದು ಬಣ್ಣಕ್ಕೆ ತಿರುಗಿಸುತ್ತದೆ. ನಿಂಬೆಯ ಹುಳಿ ಆ ಕಿಣ್ವವನ್ನು ಮಂಕು ಮಾಡುತ್ತದೆ, ಅದರ ವಿಟಮಿನ್ ಸಿ ಬಣ್ಣ ಕಟ್ಟುವುದನ್ನು ತಡೆಯುತ್ತದೆ. ಎಲ್ಲ ಹೆಚ್ಚಿ ಮುಗಿದ ಮೇಲೆ ನಿಂಬೆ ಹಿಂಡುವುದೇ ಸಾಮಾನ್ಯವಾಗಿ ಆಗುವ ತಪ್ಪು. ಅಷ್ಟರಲ್ಲಿ ಮೊದಲ ಹೋಳುಗಳು ಕಂದಿರುತ್ತವೆ, ಆಮೇಲೆ ಎಷ್ಟು ಹಿಂಡಿದರೂ ಹುಳಿಯಾದೀತು ಹೊರತು ಬಿಳುಪಾಗದು. ಖಾಲಿ ಬೋಗುಣಿಗೆ ಮೊದಲು ನಿಂಬೆ ರಸ ಹಾಕಿ, ಜೇನನ್ನು ಅದರಲ್ಲೇ ಕದಡಿ ಕರಗಿಸಿ, ಶುಂಠಿ, ಉಪ್ಪು ಸೇರಿಸಿ. ಸೇಬಿನ ಹೋಳು ಚಾಕುವಿನಿಂದ ನೇರವಾಗಿ ಆ ರಸಕ್ಕೆ ಬೀಳಲಿ. ಜೇನನ್ನು ಕೊನೆಯಲ್ಲಿ ತಣ್ಣನೆಯ ಹಣ್ಣಿನ ಮೇಲೆ ಸುರಿದರೆ ಅದು ಗಂಟಾಗಿ ಒಂದೇ ಕಡೆ ಕೂರುತ್ತದೆ. ಸಕ್ಕರೆ ಬೇಡವೇ ಬೇಡ. ಅದು ಹಣ್ಣಿನೊಳಗಿನ ನೀರನ್ನು ಎಳೆದು ಹೊರಹಾಕುತ್ತದೆ. (ಒಂದು ವರ್ಷ ತುಂಬದ ಮಕ್ಕಳಿಗೆ ಜೇನು ಹಾಕಿದ್ದನ್ನು ಕೊಡಬಾರದು.)

ಕಿತ್ತಳೆಯ ಕೊಕ್ಕೆ ಮಾಡುವ ಕೆಲಸ ಸಿಪ್ಪೆಯ ಮೇಲೆ ಗೆರೆ ಎಳೆಯುವುದು. ಗೆರೆ ಎಳೆದು, ಕೊಕ್ಕೆಯ ಚಪ್ಪಟೆ ಬದಿಯನ್ನು ಒಳಗೆ ತೂರಿಸಿ ಎಬ್ಬಿಸಿದರೆ ಸಿಪ್ಪೆ ಬರುತ್ತದೆ, ಉಗುರು ನೋಯುವುದಿಲ್ಲ. ಸುಲಿದು ತಿನ್ನುವವರಿಗೆ ಒಳ್ಳೆಯ ವಸ್ತು. ಸಲಾಡಿಗೆ ಮಾತ್ರ ಇದರಿಂದ ಏನೂ ಉಪಯೋಗವಿಲ್ಲ, ಏಕೆಂದರೆ ಬಿಳಿ ಪದರ ಅಷ್ಟೂ ಹಣ್ಣಿನ ಮೇಲೇ ಉಳಿಯುತ್ತದೆ. ಕಹಿ ಇರುವುದೇ ಆ ಪದರದಲ್ಲಿ, ತೊಳೆಗಳ ನಡುವಿನ ಪೊರೆಯಲ್ಲಿ. ತೊಳೆಯನ್ನು ಪೊರೆಯಿಂದ ಬಿಡಿಸುವ ಕೆಲಸಕ್ಕೆ ಚಾಕುವೇ ಬೇಕು.

ಕಿತ್ತಳೆಯ ಮೇಲ್ಭಾಗ, ತಳ ಎರಡನ್ನೂ ತಿರುಳಿನ ಬಣ್ಣ ಕಾಣುವಷ್ಟು ಕತ್ತರಿಸಿ ಮಣೆಯ ಮೇಲೆ ನಿಲ್ಲಿಸಿ. ಚಾಕುವನ್ನು ಹಣ್ಣಿನ ಉಬ್ಬನ್ನೇ ಅನುಸರಿಸಿ ಮೇಲಿನಿಂದ ಕೆಳಕ್ಕೆ ಇಳಿಸುತ್ತಾ ಸಿಪ್ಪೆಯನ್ನೂ ಬಿಳಿ ಪದರವನ್ನೂ ಒಟ್ಟಿಗೆ ಪಟ್ಟಿಪಟ್ಟಿಯಾಗಿ ತೆಗೆಯಿರಿ. ಇಲ್ಲಿ ನೆಟ್ಟಗೆ ಕತ್ತರಿಸುವವರು ಹೊಟ್ಟೆಯ ಭಾಗದಲ್ಲಿ ತಿರುಳು ಕಳೆದುಕೊಂಡು ಅಂಚಿನಲ್ಲಿ ಬಿಳಿ ಉಳಿಸುತ್ತಾರೆ. ಬಳಿಕ ಹಣ್ಣನ್ನು ಅಂಗೈಯಲ್ಲಿಟ್ಟು, ಬೋಗುಣಿಯ ಮೇಲೆ ಹಿಡಿದು, ಪ್ರತಿ ಪೊರೆಯ ಎರಡೂ ಪಕ್ಕದಲ್ಲಿ ನಡುವಿನವರೆಗೆ ಚಾಕು ಹಾಯಿಸಿದರೆ ತೊಳೆ ತಾನಾಗಿ ಜಾರಿ ಬೀಳುತ್ತದೆ. ಹಾಗೆ ಬಿದ್ದ ತೊಳೆಯ ಮೈ ಗಾಜಿನಂತೆ ಹೊಳೆಯುತ್ತದೆ, ಒಳಗಿನ ರಸದ ಎಸಳುಗಳು ಒಂದೊಂದೂ ಎಣಿಸುವಷ್ಟು ಸ್ಪಷ್ಟ. ಕೈಯಲ್ಲಿ ಉಳಿದ ಪೊರೆಯ ಗೊಂಚಲನ್ನು ಹಿಂಡಿದರೆ ಇನ್ನೂ ಒಂದೆರಡು ಚಮಚ ರಸ ಸಿಗುತ್ತದೆ. ತಳದಲ್ಲಿ ಹೊಕ್ಕುಳಿನಂಥ ಗುರುತಿರುವ ನೇವಲ್ ಕಿತ್ತಳೆಯಾದರೆ ಆ ರಸವನ್ನು ಕೂಡಲೇ ಕುಡಿದುಬಿಡಿ. ಅದರಲ್ಲಿರುವ ಕಹಿಯಿಲ್ಲದ ಒಂದು ವಸ್ತು ರಸದ ಹುಳಿಗೆ ಸಿಕ್ಕಿ ಕೆಲವು ಗಂಟೆಗಳಲ್ಲಿ ಲಿಮೋನಿನ್ ಎಂಬ ಕಹಿ ವಸ್ತುವಾಗುತ್ತದೆ. ಮಾಡಿದಾಗ ಚೆನ್ನಾಗಿದ್ದ ಸಲಾಡ್ ಸಂಜೆಗೆ ಕಹಿಯಾಯಿತು ಎನ್ನುವ ದೂರಿಗೆ ಎಷ್ಟೋ ಸಲ ಇದೇ ಕಾರಣ. ತೆಳು ಸಿಪ್ಪೆಯ, ಸಡಿಲ ತೊಳೆಯ ಮ್ಯಾಂಡರಿನ್ ಜಾತಿಗೆ ಇಷ್ಟೆಲ್ಲ ಬೇಡ, ಕೈಯಿಂದ ಸುಲಿದು ನಾರು ತೆಗೆದರೆ ಸಾಕು. ಕಿತ್ತಳೆಯ ಬದಲು ಅದೇ ಬಳಗದ, ತುಸು ಕಹಿಯಾದ ಗ್ರೇಪ್‌ಫ್ರೂಟ್ ಹಾಕುವವರು ತಿನ್ನುವವರ ಔಷಧಿಗಳನ್ನು ಕೇಳಿಕೊಳ್ಳಬೇಕು. ಕೊಲೆಸ್ಟರಾಲ್, ರಕ್ತದೊತ್ತಡದ ಕೆಲವು ಮಾತ್ರೆಗಳಿಗೂ ಆ ಹಣ್ಣಿಗೂ ಆಗಿಬರುವುದಿಲ್ಲ.

ದಾಳಿಂಬೆಯ ಜಾಲರಿ ಬಟ್ಟಲು ಈ ಸೆಟ್ಟಿನಲ್ಲಿ ಎರಡನೆಯ ಸ್ಥಾನಕ್ಕೆ ಯೋಗ್ಯ. ಅರ್ಧ ಹಣ್ಣನ್ನು ಜಾಲರಿಯ ಮೇಲೆ ಕವುಚಿ, ಮೇಲೆ ಮುಚ್ಚಳ ಹಾಕಿ ಚಮಚದಿಂದ ಬಡಿದರೆ ಕಾಳು ಉದುರುತ್ತವೆ, ಗೋಡೆಗೆ ರಸ ಸಿಡಿಯುವುದಿಲ್ಲ. ಬಡಿಯುವ ಮೊದಲು ಹಣ್ಣಿನ ಅಂಚನ್ನು ಎರಡೂ ಕೈಯಿಂದ ಹೊರಕ್ಕೆ ಎಳೆದು ಸಡಿಲಿಸುವುದನ್ನು ಮರೆತರೆ ಕಾಳು ಬಿಡುವುದಿಲ್ಲ, ಬಡಿದು ಬಡಿದು ಜಜ್ಜುತ್ತದೆ. ಇದರ ಮೂಲದೋಷ ಬೇರೆ: ಹಣ್ಣನ್ನು ಅಡ್ಡಕ್ಕೆ ಎರಡು ಭಾಗ ಮಾಡಬೇಕು, ಆಗ ಚಾಕು ಒಂದು ಸಾಲು ಕಾಳುಗಳನ್ನು ಸೀಳಿಯೇ ಹೋಗುತ್ತದೆ. ಜಾಲರಿಯ ಕೆಳಗೆ ಹಳದಿ ಪೊರೆಯ ಚೂರುಗಳೂ ಬೀಳುತ್ತವೆ.

ಬಟ್ಟಲಿಲ್ಲದೆಯೂ ಇದಕ್ಕಿಂತ ಸೊಗಸಾಗಿ ಮಾಡಬಹುದು. ದಾಳಿಂಬೆಯ ಕಿರೀಟವನ್ನು ಸುತ್ತ ಕೊರೆದು ತೆಗೆಯಿರಿ. ಹೊರಗೆ ಉಬ್ಬಿ ಕಾಣುವ ಏಣುಗಳ ಮೇಲೆ, ಸಿಪ್ಪೆ ಮಾತ್ರ ಕತ್ತರಿಸುವಷ್ಟು, ಮೇಲಿನಿಂದ ಕೆಳಗೆ ಗೀರು ಹಾಕಿ. ಬಿಡಿಸಿದ ಭಾಗಗಳನ್ನು ನೀರು ತುಂಬಿದ ಪಾತ್ರೆಯಲ್ಲಿ ಮುಳುಗಿಸಿ ಹೆಬ್ಬೆರಳಿನಿಂದ ಕಾಳು ತಳ್ಳಿದರೆ ಕಾಳು ಮುಳುಗುತ್ತದೆ, ಪೊರೆ ತೇಲುತ್ತದೆ. ಪೊರೆಯನ್ನು ತೆಗೆದು ನೀರು ಬಸಿಯಿರಿ, ಕಾಳನ್ನು ಬಟ್ಟೆಯ ಮೇಲೆ ಹರಡಿ ಆರಿಸಿ. ಒಂದು ಕಾಳೂ ಒಡೆಯದು.

ಕಿವಿ ಚಮಚದ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ. ಎರಡೂ ತುದಿ ಕತ್ತರಿಸಿ, ಸಿಪ್ಪೆಗೂ ತಿರುಳಿಗೂ ನಡುವೆ ಚಮಚ ತೂರಿಸಿ ಸುತ್ತ ತಿರುಗಿಸಿದರೆ ಹಣ್ಣು ಇಡಿಯಾಗಿ ಹೊರಬರುತ್ತದೆ. ಅಂಚು ತೆಳುವಾದ ಯಾವ ಸಣ್ಣ ಚಮಚವೂ ಇದನ್ನು ಮಾಡುತ್ತದೆ.

ಪರ್ಸಿಮನ್‌ಗೆ ಸೆಟ್ಟಿನಲ್ಲಿ ಏನೂ ಇಲ್ಲ, ಬೇಕಾಗಿಯೂ ಇಲ್ಲ. ಇಲ್ಲಿ ಗೆಲುವು ಸೋಲು ಹಣ್ಣಿನ ಆಯ್ಕೆಯಲ್ಲೇ ಇದೆ. ಟೊಮೆಟೊ ಹಾಗೆ ಚಪ್ಪಟೆಯಾಗಿರುವ ಫುಯು ಜಾತಿ ಗಟ್ಟಿಯಾಗಿದ್ದಾಗಲೇ ಸಿಹಿ. ಎಲೆಯಂಥ ತೊಟ್ಟು ತೆಗೆದು ತೆಳು ಹೋಳು ಮಾಡಿ. ತಳ ಚೂಪಾದ ಉದ್ದನೆಯ ಹಚಿಯಾ ಜಾತಿಯನ್ನು ಗಟ್ಟಿಯಿರುವಾಗ ಕಚ್ಚಿದರೆ ಟ್ಯಾನಿನ್ನಿನ ಒಗರಿಗೆ ನಾಲಿಗೆ ದಪ್ಪಗಾದಂತಾಗುತ್ತದೆ. ಅದು ಒಳಗೆ ಜೆಲ್ಲಿಯಂತಾದ ಮೇಲಷ್ಟೇ ತಿನ್ನಲು ಬರುತ್ತದೆ, ಆಗ ಹೋಳು ಮಾಡಲು ಬರುವುದಿಲ್ಲ. ಸಲಾಡಿಗೆ ಅದು ಸಲ್ಲದು. ಒಂದೇ ಒಂದು ಕಾಯಿಯ ಹೋಳು ಬಿದ್ದರೂ ಬೋಗುಣಿಯ ರುಚಿಯೇ ಹೋಗುತ್ತದೆ.

ಇನ್ನು ಮೂಲೆಯಲ್ಲಿದ್ದ ಪುಟ್ಟ ಚಾಕು. ಇಡೀ ಡಬ್ಬಿಯ ಬೆಲೆ ಇದರಲ್ಲೇ ಇದೆ ಎಂದು ಎದೆ ತಟ್ಟಿ ಹೇಳಬಹುದು, ಚಾಕು ಒಳ್ಳೆಯದಾಗಿದ್ದರೆ. ಅಲಗು 8ರಿಂದ 10 ಸೆಂಟಿಮೀಟರ್ ಉದ್ದವಿರಲಿ, ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ. ಕಬ್ಬಿಣದ ಅಂಶ ಬಿಡುವ ಕಾರ್ಬನ್ ಸ್ಟೀಲ್ ಟ್ಯಾನಿನ್ ತಾಗಿ ಕಪ್ಪಾಗುತ್ತದೆ, ಹಣ್ಣಿಗೂ ಕಲೆ ಹತ್ತಿಸುತ್ತದೆ. ಹರಿತವನ್ನು ಕಿತ್ತಳೆಯ ಸಿಪ್ಪೆಯ ಮೇಲೇ ನೋಡಿ. ಒತ್ತದೆ, ಅಲಗನ್ನು ಅದರ ಭಾರದಲ್ಲೇ ಇಟ್ಟು ಎಳೆದಾಗ ಕಚ್ಚಿಕೊಂಡರೆ ಸರಿ, ಜಾರಿದರೆ ಸಾಣೆ ಬೇಕು. ಸೆಟ್ಟಿನಲ್ಲಿ ಬರುವ ಚಾಕುಗಳಿಗೆ ಬಿಚ್ಚಿದ ದಿನವೇ ಸಾಣೆ ಬೇಕಾಗುವುದುಂಟು. ಗರಗಸದ ಹಲ್ಲಿನ ಅಲಗು ಕೊಟ್ಟಿದ್ದರೆ ಅದು ಕಿತ್ತಳೆಗೆ ಚೆನ್ನ, ಆದರೆ ಪೇರ್ ಮೈಯನ್ನು ಹರಿಯುತ್ತದೆ.

ಬೆರೆಸುವ ಸರದಿಗೂ ಬೆಲೆಯಿದೆ. ಸೇಬು, ಪೇರ್ ಮೊದಲು ನಿಂಬೆ ರಸದಲ್ಲಿ. ಮೇಲೆ ಪರ್ಸಿಮನ್, ಬಳಿಕ ಕಿತ್ತಳೆ ತೊಳೆ. ತೊಳೆ ಬಿದ್ದ ಮೇಲೆ ಕಲಕಬೇಡಿ, ಅಗಲ ಚಮಚದಿಂದ ತಳದಿಂದ ಮೇಲಕ್ಕೆ ಎರಡು ಮೂರು ಸಲ ಮಗುಚಿದರೆ ಸಾಕು. ಕಿವಿ ಮತ್ತು ದಾಳಿಂಬೆ ಬಡಿಸುವ ಹೊತ್ತಿಗೆ. ಕಿವಿಯಲ್ಲಿರುವ ಆಕ್ಟಿನಿಡಿನ್ ಎಂಬ ಕಿಣ್ವ ಪ್ರೋಟೀನನ್ನು ಒಡೆಯುತ್ತದೆ, ಹಾಗಾಗಿ ಮೊಸರು ಅಥವಾ ಕ್ರೀಮ್ ಹಾಕಿದ ಸಲಾಡಿನಲ್ಲಿ ಕಿವಿ ಸ್ವಲ್ಪ ಹೊತ್ತು ಕೂತರೂ ಕಹಿ ಹುಟ್ಟುತ್ತದೆ. ದಾಳಿಂಬೆ ಕಾಯುತ್ತಾ ಕೂತರೆ ಬಿಳಿ ಪೇರ್ ಮೇಲೆಲ್ಲ ಕೆಂಪು ಹರಡುತ್ತದೆ.

ಫ್ರಿಜ್ಜಿನಿಂದ ತೆಗೆದು 15 ನಿಮಿಷ ಬಿಟ್ಟು ಬಡಿಸಿ, ತೀರಾ ತಣ್ಣಗಿದ್ದರೆ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಹೊರಗೆ 2 ಗಂಟೆಗಿಂತ ಹೆಚ್ಚು ಇಡಬೇಡಿ. ಉಳಿದದ್ದನ್ನು ತಳದ ರಸದಿಂದ ಬಸಿದು, ಹಣ್ಣು ಬೇರೆ ರಸ ಬೇರೆ ಮುಚ್ಚಿಟ್ಟರೆ ಮರುದಿನದವರೆಗೆ ತಿನ್ನುವಂತಿರುತ್ತದೆ. ಆ ರಸವನ್ನು ಹಾಗೇ ಕುಡಿಯಿರಿ, ಕಿವಿ ಬಿದ್ದಿದ್ದರೆ ಹಾಲಿಗೆ ಬೆರೆಸಬೇಡಿ.